ಮೂರು ಬಗೆಯ ಸೊನ್ನೆ

ಉಡುಪಿ ಬಳಿಯ ಹೂಡೆಯಲ್ಲಿ ಸೇರಿದ್ದ ಶರಣ ಬಂಧುಗಳ ಚಿಂತನ ಗೋಷ್ಠಿಯಲ್ಲಿ ಸಂಖ್ಯಾಶಾಸ್ತ್ರದ ನಿವೃತ್ತ ಅಧ್ಯಾಪಕರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ.

 

ವಿಶ್ವವಿದ್ಯಾಲಯಗಳಲ್ಲಿ ನಡೆಯುವ ವಿಜ್ಞಾನ, ಗಣಿತದ ಸಂಶೋಧನೆಯಿಂದ ಜನರ ಆರೋಗ್ಯಕ್ಕೆ ಏನು ಉಪಯೋಗ ಎಂಬ ವಿಷಯವನ್ನು ನನಗೆ ಒಪ್ಪಿಸಿದ್ದೀರಿ. ವಿಜ್ಞಾನದ ಉಪಯೋಗವನ್ನು ಯಾರೂ ಅಲ್ಲಗಳೆಯುವುದಿಲ್ಲ. ಔಷಧಿ, ಲಸಿಕೆ, ಸ್ಕ್ಯಾನಿಂಗ್ ಯಂತ್ರ ಎಲ್ಲವೂ ಕಣ್ಣಿಗೆ ಕಾಣುತ್ತವೆ. ಗಣಿತ ಎಂದಾಗ ಮಾತ್ರ ‘ಲೆಕ್ಕ ಮಾಡಿದರೆ ಜ್ವರ ಇಳಿಯುತ್ತದೆಯೇ?’ ಎಂದು ಕೇಳುವವರು ಇದ್ದಾರೆ. ಜ್ವರ ಇಳಿಯುವುದಿಲ್ಲ, ನಿಜ. ಆದರೆ ಜ್ವರ ಯಾವ ಬಾವಿಯಿಂದ ಬಂತು, ನಾಳೆ ಯಾರ ಮನೆಗೆ ಹೋಗಬಹುದು ಎಂಬುದನ್ನು ಲೆಕ್ಕ ಹೇಳಬಲ್ಲದು. ಆದ್ದರಿಂದ ಇಂದು ಗಣಿತದ ಬಗ್ಗೆಯೇ ಹೆಚ್ಚು ಮಾತನಾಡುತ್ತೇನೆ. ಅದರಲ್ಲೂ ಒಂದೇ ಒಂದು ಅಂಕಿಯ ಬಗ್ಗೆ. ಅದು ಸೊನ್ನೆ.

ಶರಣ ಸಾಹಿತ್ಯ ಓದಿದವರಿಗೆ ಶೂನ್ಯ ಹೊಸದಲ್ಲ. ಅಲ್ಲಮಪ್ರಭುಗಳ ಪೀಠವೇ ಶೂನ್ಯ ಪೀಠ. ಅದು ಅನುಭಾವದ ಶೂನ್ಯ, ಅದರ ಬಗ್ಗೆ ಮಾತನಾಡಲು ಪೂಜ್ಯರು ಇದ್ದಾರೆ. ನಾನು ಹೇಳುವುದು ಆರೋಗ್ಯ ಇಲಾಖೆಯ ದಾಖಲೆ ಪುಸ್ತಕದಲ್ಲಿ ಒಂದು ಮನೆಯ ಎದುರು ‘ರೋಗಿಗಳು: 0’ ಎಂದು ಬರೆಯುತ್ತಾರಲ್ಲ, ಆ ಸೊನ್ನೆಯ ಮಾತು. ಆ ಸೊನ್ನೆ ನೋಡಿದರೆ ಎಲ್ಲರಿಗೂ ಸಮಾಧಾನ. ಆದರೆ ಎಲ್ಲ ಸೊನ್ನೆಯೂ ಒಂದೇ ಅಲ್ಲ. ಅದರಲ್ಲಿ ಮೂರು ಬಗೆ ಇವೆ.

ಒಂದು ಊರು, 223 ಮನೆ

ಆಂಡರ್ಸನ್ ಮೆಕೆಂಡ್ರಿಕ್ ಎಂಬ ಸ್ಕಾಟ್ಲೆಂಡಿನ ವೈದ್ಯ ಇಂಡಿಯನ್ ಮೆಡಿಕಲ್ ಸರ್ವೀಸಿನಲ್ಲಿದ್ದು ನಮ್ಮ ದೇಶದಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಕಸೌಲಿಯ ಪಾಶ್ಚರ್ ಸಂಸ್ಥೆಯ ನಿರ್ದೇಶಕರೂ ಆಗಿದ್ದರು. ವೃತ್ತಿಯಿಂದ ವೈದ್ಯ, ಮನಸ್ಸು ಗಣಿತದ್ದು. ಊರಿಗೆ ಮರಳಿದ ಮೇಲೆ 1926ರಲ್ಲಿ ಅವರು ಬರೆದ ಒಂದು ಲೇಖನದಲ್ಲಿ ಭಾರತದ ಒಂದು ಹಳ್ಳಿಗೆ ಕಾಲರಾ ಬಂದಾಗಿನ ಲೆಕ್ಕವಿದೆ. ಆ ಹಳ್ಳಿಯಲ್ಲಿ 223 ಮನೆಗಳು. ಅವುಗಳಲ್ಲಿ 168 ಮನೆಗಳಲ್ಲಿ ಒಬ್ಬರಿಗೂ ಕಾಲರಾ ಬರಲಿಲ್ಲ. 32 ಮನೆಗಳಲ್ಲಿ ಒಬ್ಬೊಬ್ಬರಿಗೆ, 16 ಮನೆಗಳಲ್ಲಿ ಇಬ್ಬಿಬ್ಬರಿಗೆ, 6 ಮನೆಗಳಲ್ಲಿ ಮೂವರಿಗೆ, ಒಂದು ಮನೆಯಲ್ಲಿ ನಾಲ್ವರಿಗೆ ಬಂತು. ಒಟ್ಟು ರೋಗಿಗಳು 86.

ಈಗ ಒಂದು ಆಟ ಮಾಡಿ ನೋಡೋಣ. 223 ಬಟ್ಟಲುಗಳನ್ನು ಅಂಗಳದಲ್ಲಿ ಹರಡಿ, ಕಣ್ಣು ಮುಚ್ಚಿ 86 ಜೋಳದ ಕಾಳುಗಳನ್ನು ಅವುಗಳ ಮೇಲೆ ತೂರಿ. ಎಲ್ಲ ಬಟ್ಟಲಿಗೂ ಕಾಳು ಬೀಳುವ ಅವಕಾಶ ಸಮಾನವಾಗಿದ್ದರೆ ಸುಮಾರು 58 ಬಟ್ಟಲುಗಳಲ್ಲಿ ಒಂದೊಂದು ಕಾಳು ಇರಬೇಕು. ಎರಡು ಅಥವಾ ಹೆಚ್ಚು ಕಾಳಿರುವ ಬಟ್ಟಲು 13ರ ಆಸುಪಾಸಿನಲ್ಲಿರಬೇಕು. ಆದರೆ ಆ ಹಳ್ಳಿಯಲ್ಲಿ ಒಬ್ಬನೇ ರೋಗಿ ಇದ್ದ ಮನೆಗಳು 32 ಮಾತ್ರ. ಇಬ್ಬರು ಅಥವಾ ಹೆಚ್ಚು ರೋಗಿಗಳಿದ್ದ ಮನೆಗಳು 23. ಅಂದರೆ ಕಾಳು ಎಲ್ಲ ಬಟ್ಟಲುಗಳ ಮೇಲೂ ಸಮನಾಗಿ ಬಿದ್ದಿಲ್ಲ. ಯಾವುದೋ ಒಂದು ಭಾಗದ ಮೇಲಷ್ಟೇ ಬಿದ್ದಿದೆ.

ಹಾಗಾದರೆ ಕಾಳು ಎಷ್ಟು ಬಟ್ಟಲುಗಳ ಮೇಲೆ ಬಿದ್ದಿದೆ? ಮೆಕೆಂಡ್ರಿಕ್ ಸೊನ್ನೆಯ ಮನೆಗಳನ್ನು ಪಕ್ಕಕ್ಕಿಟ್ಟು, ರೋಗಿಗಳಿದ್ದ ಮನೆಗಳ ಅಂಕಿಗಳಿಂದಲೇ ಲೆಕ್ಕ ಹಾಕಿದರು. ಉತ್ತರ ಬಂದದ್ದು 93 ಮನೆ. 93 ಮನೆಗಳ ಮೇಲೆ 86 ರೋಗಿಗಳನ್ನು ಹಂಚಿದರೆ ಏನಾಗಬೇಕೋ ಹೆಚ್ಚು ಕಡಿಮೆ ಅದೇ ಆ ಹಳ್ಳಿಯಲ್ಲಿ ಆಗಿತ್ತು. ಊರಿನಲ್ಲಿ ಹಲವು ಬಾವಿಗಳಿದ್ದಿರಬೇಕು, ಅವುಗಳಲ್ಲಿ ಒಂದು ಕೆಟ್ಟಿರಬೇಕು, ಆ ಬಾವಿಯ ನೀರು ಕುಡಿದವರು ಈ 93 ಮನೆಯವರಿರಬೇಕು ಎಂದು ಅವರು ಊಹಿಸಿದರು. ಬಾವಿಗಳನ್ನು ನೋಡದೆ, ಬರೀ ಮನೆಗಳ ಪಟ್ಟಿ ಹಿಡಿದು ಮಾಡಿದ ಊಹೆ ಅದು.

ಬಂಧುಗಳೆ, ಇಲ್ಲಿ ಸ್ವಲ್ಪ ನಿಲ್ಲೋಣ. 168 ಸೊನ್ನೆಗಳು ಈಗ ಎರಡು ಪಾಲಾದವು. ಸುಮಾರು 130 ಮನೆಗಳವರು ಆ ಬಾವಿಯ ನೀರನ್ನೇ ಕುಡಿದವರಲ್ಲ. ಅದು ಮೊದಲನೆಯ ಬಗೆಯ ಸೊನ್ನೆ, ಅಪಾಯವೇ ಇಲ್ಲದವರ ಸೊನ್ನೆ. ಉಳಿದ ಸುಮಾರು 38 ಮನೆಗಳವರು ಅದೇ ಕೆಟ್ಟ ನೀರು ಕುಡಿದರು, ಆಕಸ್ಮಿಕವಾಗಿ ಪಾರಾದರು. ಅದು ಎರಡನೆಯ ಬಗೆಯ ಸೊನ್ನೆ. ದಾಖಲೆ ಪುಸ್ತಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಎರಡನೆಯ ಮನೆಯವರು ನಾಳೆ ಬೆಳಿಗ್ಗೆ ಮತ್ತೆ ಅದೇ ಬಾವಿಗೆ ಕೊಡ ಹಿಡಿದು ಹೋಗುತ್ತಾರೆ.

ಪಾರಾದವರ ಕಥೆ

ಆ 38 ಮನೆಗಳಲ್ಲಿ ಏನೇನು ಮಾತು ನಡೆದಿರಬಹುದು, ನೀವೇ ಊಹಿಸಿ. ಒಬ್ಬರು ‘ನಾವು ಹರಕೆ ಹೊತ್ತಿದ್ದೆವು, ದೇವಿ ಕಾಪಾಡಿದಳು’ ಎಂದಿರುತ್ತಾರೆ. ಇನ್ನೊಬ್ಬರು ಮಂತ್ರಿಸಿದ ತಾಯಿತ ತೋರಿಸಿರುತ್ತಾರೆ. ಮತ್ತೊಬ್ಬರು ‘ನಮ್ಮ ಮನೆಯ ಮಡಿ ಅಂಥದ್ದು’ ಎಂದಿರುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರು ತಾಯಿತ ಕಟ್ಟಿದ್ದು ನಿಜ, ರೋಗ ಬಾರದಿದ್ದದ್ದೂ ನಿಜ. ಎರಡನ್ನೂ ಜೋಡಿಸಿದ ದಾರವೊಂದೇ ಸುಳ್ಳು. ಅದೇ ತಾಯಿತ ಕಟ್ಟಿಯೂ ತೀರಿಕೊಂಡವರು ಬಂದು ಸಾಕ್ಷಿ ಹೇಳಲಾರರು.

ಇದು ಪಾರಾದವರ ಭ್ರಮೆಯಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಇದಕ್ಕೆ ಇನ್ನೊಂದು ಮುಖವಿದೆ. ತಾಯಿತ ನಮ್ಮನ್ನು ಕಾಪಾಡಿತು ಎಂದು ನಂಬಿದವನು, ಮೂರು ಹೆಣ ಎತ್ತಿದ ಪಕ್ಕದ ಮನೆಯನ್ನು ನೋಡಿ ಏನೆಂದುಕೊಳ್ಳುತ್ತಾನೆ? ‘ಅವರ ಕರ್ಮ’ ಎನ್ನುತ್ತಾನೆ. ಮಗು ಕಳೆದುಕೊಂಡ ತಾಯಿಯ ತಲೆಯ ಮೇಲೆ ಪಾಪದ ಹೊರೆಯನ್ನೂ ಹೊರಿಸುತ್ತಾನೆ. ಹನ್ನೆರಡನೆಯ ಶತಮಾನದ ಶರಣರು ಪೂರ್ವಜನ್ಮದ ಕರ್ಮ, ಶಕುನ, ಪಂಚಾಂಗಗಳ ವಿರುದ್ಧ ದನಿ ಎತ್ತಿದ್ದು ಇಂಥ ಕ್ರೌರ್ಯವನ್ನು ಕಂಡೇ. ಗಣಿತವು ಅದೇ ಮಾತನ್ನು ತನ್ನ ರೀತಿಯಲ್ಲಿ ಹೇಳುತ್ತದೆ: ಆ ತಾಯಿಯ ತಪ್ಪು ಏನೂ ಇಲ್ಲ. ಬಾವಿ ಕೆಟ್ಟಿತ್ತು, ಅಷ್ಟೇ. ಬಾವಿಯನ್ನು ಸರಿಪಡಿಸುವುದು ಊರಿನ ಹೊಣೆ.

ಈ ಮಾತು ಬೇರೆಯವರಿಗಷ್ಟೇ ಅಲ್ಲ, ನಮಗೂ ಅನ್ವಯಿಸುತ್ತದೆ. ಇಷ್ಟಲಿಂಗ ಅರಿವಿನ ಕುರುಹು, ತಾಯಿತವಲ್ಲ. ಮಗುವಿಗೆ ನಾಲ್ಕು ದಿನದಿಂದ ಜ್ವರವಿದ್ದಾಗ ಹಣೆಗೆ ವಿಭೂತಿ ಹಚ್ಚಿ ಮನೆಯಲ್ಲೇ ಕುಳಿತರೆ ಅದು ಭಕ್ತಿಯಲ್ಲ. ಶರಣರ ನಡುವೆ ವೈದ್ಯ ಸಂಗಣ್ಣನೂ ಇದ್ದ ಎಂಬುದನ್ನು ನೆನಪಿಡೋಣ.

ಒಂದೇ ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು

ಇದು ನೂರು ವರ್ಷದ ಹಿಂದಿನ ಕಥೆಯಾಯಿತು ಎನ್ನಬೇಡಿ. ಇಲ್ಲಿಂದ ಹತ್ತಿರದಲ್ಲೇ ಇರುವ ಮಣಿಪಾಲಕ್ಕೆ ಬನ್ನಿ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಅಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭಿಸಿದರು. ಅದೇ ಬೆಳೆದು ವಿಶ್ವವಿದ್ಯಾಲಯವಾಯಿತು. ಅಲ್ಲಿನ ವೈರಾಣು ಸಂಶೋಧನಾ ಕೇಂದ್ರಕ್ಕೆ 2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡಿನಿಂದ ಮಾದರಿಗಳು ಬಂದವು. ಒಂದೇ ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ಜ್ವರ ಬಂದು ಪ್ರಜ್ಞೆ ತಪ್ಪುತ್ತಿದ್ದರು. ಮೊದಲು ತೀರಿಕೊಂಡ ತರುಣನಿಗೆ ಏನಾಗಿತ್ತೆಂದು ಯಾರೂ ಪರೀಕ್ಷೆ ಮಾಡಿರಲಿಲ್ಲ. ಎರಡನೆಯವನು ಆಸ್ಪತ್ರೆಗೆ ಬಂದಾಗ ವೈದ್ಯರಿಗೆ ಅನುಮಾನ ಹುಟ್ಟಿತು. ಅನುಮಾನ ಹುಟ್ಟಿಸಿದ್ದು ಅದೇ ಹಳೆಯ ಲೆಕ್ಕ. ಆಕಸ್ಮಿಕವಾಗಿ ಬರುವ ಕಾಯಿಲೆ ಒಂದೇ ಮನೆಯಲ್ಲಿ ಹೀಗೆ ಗುಂಪುಗೂಡುವುದಿಲ್ಲ. ಮಣಿಪಾಲದ ಪ್ರಯೋಗಾಲಯ ಅದು ನಿಫಾ ವೈರಾಣು ಎಂದು ಪತ್ತೆ ಹಚ್ಚಿತು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ದೃಢಪಡಿಸಿತು. ಕೂಡಲೇ ರೋಗಿಗಳ ಸಂಪರ್ಕಕ್ಕೆ ಬಂದವರನ್ನೆಲ್ಲ ಹುಡುಕಿ ಪಟ್ಟಿ ಮಾಡಿ, ದಿನವೂ ವಿಚಾರಿಸಿ ನೋಡಿಕೊಂಡರು. ಅಷ್ಟು ಭೀಕರ ರೋಗ ಕೆಲವೇ ವಾರಗಳಲ್ಲಿ ನಿಂತಿತು. ವೈರಾಣುವನ್ನು ಕಂಡದ್ದು ಪ್ರಯೋಗಾಲಯ, ಅದನ್ನು ನಿಲ್ಲಿಸಿದ್ದು ಆ ಪಟ್ಟಿ.

ತುಮಕೂರಿನ ಕೆಮ್ಮು

ಇನ್ನು ಮೂರನೆಯ ಬಗೆಯ ಸೊನ್ನೆ. ಅದನ್ನು ತಿಳಿಯಲು ನಮ್ಮ ಸಿದ್ಧಗಂಗೆಯ ತುಮಕೂರು ಜಿಲ್ಲೆಗೆ ಹೋಗೋಣ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅದೇ ವರ್ಷ ಮದರಾಸಿನ ಸಂಶೋಧಕರು ಒಂದು ದೊಡ್ಡ ಸಂಗತಿ ಹೇಳಿದ್ದರು. ಕ್ಷಯದ ಬಡ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ಆರೋಗ್ಯಧಾಮದಲ್ಲಿಟ್ಟು ಔಷಧಿಯ ಜೊತೆ ಒಳ್ಳೆಯ ಊಟ, ವಿಶ್ರಾಂತಿ ಕೊಟ್ಟರು. ಇನ್ನೊಂದು ಗುಂಪಿಗೆ ಅವರವರ ಮನೆಯಲ್ಲೇ ಔಷಧಿ ಕೊಟ್ಟರು. ವರ್ಷದ ಕೊನೆಗೆ ಎರಡೂ ಗುಂಪುಗಳು ಹೆಚ್ಚು ಕಡಿಮೆ ಸಮನಾಗಿ ಗುಣವಾಗಿದ್ದವು. ಮನೆಯಲ್ಲಿದ್ದ ರೋಗಿಗಳಿಂದ ಮನೆಯವರಿಗೆ ಹೆಚ್ಚಿನ ಅಪಾಯವೂ ಆಗಿರಲಿಲ್ಲ. ಇದರ ಅರ್ಥ ಏನು? ದುಡಿಯುವ ಗಂಡಸು, ಕೂಸಿರುವ ಹೆಂಗಸು ಮನೆ ಬಿಟ್ಟು ವರ್ಷಗಟ್ಟಲೆ ಆರೋಗ್ಯಧಾಮದಲ್ಲಿ ಇರಬೇಕಿಲ್ಲ. ಚೀಟಿ ಎತ್ತುವ ಈ ಸರಳ ಗಣಿತ ಲಕ್ಷಾಂತರ ಸಂಸಾರಗಳು ಒಡೆಯುವುದನ್ನು ತಪ್ಪಿಸಿತು.

ಆದರೆ ರೋಗಿಗಳು ಎಲ್ಲಿದ್ದಾರೆ? ಹಳ್ಳಿಯ ಜನ ಅಜ್ಞಾನಿಗಳು, ಕೆಮ್ಮನ್ನು ಲಕ್ಷಿಸುವುದಿಲ್ಲ, ವೈದ್ಯರ ಬಳಿ ಬರುವುದೇ ಇಲ್ಲ ಎಂದು ಪಟ್ಟಣದವರು ತಿಳಿದಿದ್ದರು. ಬೆಂಗಳೂರಿನ ಆ ಸಂಸ್ಥೆಯ ಡಾ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇದ್ದವರನ್ನು ಹುಡುಕಿ, ಕುಳಿತು ಮಾತನಾಡಿಸಿ ವಿಚಾರಿಸಿದರು. 1963ರಲ್ಲಿ ಅದನ್ನು ಪ್ರಕಟಿಸಿದರು. ಅವರಿಗೆ ಕಂಡದ್ದೇ ಬೇರೆ. ಕ್ಷಯ ಇದ್ದವರಲ್ಲಿ ಬಹುಪಾಲು ಜನರಿಗೆ ತಮಗೇನೋ ಆಗಿದೆ ಎಂದು ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧಿ. ಕಫ ಪರೀಕ್ಷೆ ಮಾಡಿದವರಿಲ್ಲ, ಕ್ಷಯದ ಪಟ್ಟಿಯಲ್ಲಿ ಹೆಸರು ಬರೆದವರಿಲ್ಲ.

ಇದೇ ಮೂರನೆಯ ಬಗೆಯ ಸೊನ್ನೆ. ರೋಗವಿದೆ, ರೋಗಿ ಇದ್ದಾನೆ, ಬಾಗಿಲಿಗೂ ಬಂದಿದ್ದಾನೆ. ನಾವು ಕೇಳಲಿಲ್ಲ, ಆದ್ದರಿಂದ ಸೊನ್ನೆ. ಆ ಸೊನ್ನೆ ರೋಗಿಯ ಅಜ್ಞಾನವಲ್ಲ, ನಮ್ಮ ಅಲಕ್ಷ್ಯ.

ಈ ಸಂಶೋಧನೆ ಬರಿಯ ಕಾಗದವಾಗಿ ಉಳಿಯಲಿಲ್ಲ. 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಈ ತಿಳಿವಳಿಕೆಯ ಮೇಲೆಯೇ ನಿಂತಿತು. ಕ್ಷಯಕ್ಕೆಂದು ದೂರದಲ್ಲಿ ಬೇರೆ ಆಸ್ಪತ್ರೆ ಕಟ್ಟುವ ಬದಲು, ಜನ ಈಗಾಗಲೇ ಬರುತ್ತಿರುವ ಸಾಮಾನ್ಯ ಆಸ್ಪತ್ರೆಯಲ್ಲೇ ಕೆಮ್ಮುವವರ ಕಫ ಪರೀಕ್ಷಿಸಬೇಕು ಎಂದಾಯಿತು. ಅದೇ ಬೆಂಗಳೂರಿನ ಸಂಸ್ಥೆಯಲ್ಲಿ ಹಾನ್ಸ್ ವಾಲರ್ ಎಂಬ ಸಂಖ್ಯಾಶಾಸ್ತ್ರಜ್ಞರು ಸಂಗಡಿಗರೊಂದಿಗೆ ಸೇರಿ 1962ರಲ್ಲಿ ಕ್ಷಯ ಹರಡುವ ಬಗೆಯನ್ನು ಸಮೀಕರಣಗಳಲ್ಲಿ ಬರೆದರು. ಕ್ಷಯದ ಬಗ್ಗೆ ಜಗತ್ತಿನಲ್ಲಿ ಮೊದಮೊದಲು ಹುಟ್ಟಿದ ಗಣಿತ ಮಾದರಿಗಳಲ್ಲಿ ಅದೊಂದು. ಇಂಥ ಕೆಲಸ ನಮ್ಮ ಕನ್ನಡ ನೆಲದಲ್ಲಿ ನಡೆಯಿತು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಒಬ್ಬರು ಕಂಡರು, 40 ಜನ ಕಾಣಲಿಲ್ಲ

ಮೂರನೆಯ ಸೊನ್ನೆ ಎಷ್ಟು ದೊಡ್ಡದಿರಬಹುದು? ಕೋವಿಡ್ ಕಾಲ ನೆನಪಿಸಿಕೊಳ್ಳಿ. 2020ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ರಾಜ್ಯದ ಎಲ್ಲ ಜಿಲ್ಲೆಗಳಲ್ಲಿ ರಕ್ತದ ಮಾದರಿ ಸಮೀಕ್ಷೆ ನಡೆಸಿತು. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಬೆಂಗಳೂರಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಗಣಿತಜ್ಞರು ವೈದ್ಯರ ಜೊತೆ ಕೈಜೋಡಿಸಿದರು. ಗರ್ಭಿಣಿಯರು, ಬಸ್ ಕಂಡಕ್ಟರುಗಳು, ಬೀದಿ ವ್ಯಾಪಾರಿಗಳು, ವೃದ್ಧರು ಹೀಗೆ 16 ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ, ಪರೀಕ್ಷೆಯಲ್ಲೇ ಆಗಬಹುದಾದ ತಪ್ಪುಗಳನ್ನೂ ಲೆಕ್ಕಕ್ಕೆ ಹಿಡಿದು ಉತ್ತರ ಕೊಟ್ಟರು. ಆ ಹೊತ್ತಿಗೆ ರಾಜ್ಯದ ಶೇ. 27ರಷ್ಟು ಜನರಿಗೆ ಸೋಂಕು ತಗುಲಿತ್ತು ಅಥವಾ ತಗುಲಿ ಹೋಗಿತ್ತು. ಪತ್ತೆಯಾದ ಪ್ರತಿ ಒಬ್ಬ ಸೋಂಕಿತರ ಹಿಂದೆ ಸುಮಾರು 40 ಜನ ಪತ್ತೆಯಾಗದೆ ಉಳಿದಿದ್ದರು.

ಆ ದಿನಗಳಲ್ಲಿ ಯಾವ್ಯಾವ ಜಾತಿ, ಯಾವ್ಯಾವ ಧರ್ಮದವರ ಮೇಲೆ ನಾವು ಬೆರಳು ತೋರಿಸಿದೆವು ಎಂಬುದನ್ನು ನೆನೆದರೆ ನಾಚಿಕೆಯಾಗುತ್ತದೆ. ಪತ್ತೆಯಾದ ಒಬ್ಬನನ್ನು ಹಿಡಿದು ‘ಇವನೇ ಹರಡಿದ’ ಎಂದೆವು. ಪತ್ತೆಯಾಗದ 40 ಜನ ನಮ್ಮ ನಮ್ಮ ಕೇರಿಯಲ್ಲೇ, ಬಹುಶಃ ನಮ್ಮ ಮನೆಯಲ್ಲೇ ಇದ್ದರು.

ಸೊಳ್ಳೆಯೆಲ್ಲ ಸಾಯಬೇಕಿಲ್ಲ

ಇಷ್ಟು ಕೇಳಿ ಎದೆಗುಂದಬೇಡಿ. ಗಣಿತ ಧೈರ್ಯವನ್ನೂ ಹೇಳುತ್ತದೆ. ಸೊಳ್ಳೆಯಿಂದ ಮಲೇರಿಯಾ ಹರಡುವುದನ್ನು ತೋರಿಸಿಕೊಟ್ಟ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿ ಸೇನೆಯ ವೈದ್ಯರಾಗಿದ್ದರು. ನಿಂತ ನೀರನ್ನು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬುದು ಅವರಿಗೆ ಹೊಳೆದದ್ದು ಅಲ್ಲಿಯೇ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅವರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡರು, 1902ರಲ್ಲಿ ನೊಬೆಲ್ ಪಡೆದರು. ಆದರೆ ಮುಂದಿನ ಪ್ರಶ್ನೆ ಉಳಿದಿತ್ತು. ಎಲ್ಲ ಸೊಳ್ಳೆಗಳನ್ನೂ ಕೊಲ್ಲಲು ಯಾರಿಗೆ ಸಾಧ್ಯ? ರಾಸ್ ಲೆಕ್ಕ ಹಾಕಿ ತೋರಿಸಿದರು: ಎಲ್ಲ ಸೊಳ್ಳೆ ಸಾಯಬೇಕಿಲ್ಲ. ಒಬ್ಬ ರೋಗಿಯಿಂದ ಸರಾಸರಿ ಒಬ್ಬನಿಗಿಂತ ಕಡಿಮೆ ಜನರಿಗೆ ರೋಗ ದಾಟುವ ಮಟ್ಟಕ್ಕೆ ಸೊಳ್ಳೆಗಳು ಇಳಿದರೆ ಸಾಕು, ಮಲೇರಿಯಾ ತಾನಾಗಿಯೇ ಕರಗುತ್ತದೆ.

ನಮ್ಮ ತೊಟ್ಟಿ, ಟೈರು, ತೆಂಗಿನ ಚಿಪ್ಪಿನ ನೀರು ಚೆಲ್ಲುವುದು ವ್ಯರ್ಥವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಲಸಿಕೆಯ ಲೆಕ್ಕವೂ ಇದೇ. ಊರಿನಲ್ಲಿ ಬೇಕಾದಷ್ಟು ಮಕ್ಕಳಿಗೆ ಲಸಿಕೆ ಹಾಕಿಸಿದರೆ, ಹಾಕಿಸಲಾಗದ ಎಳೆ ಕೂಸಿಗೂ ಅದು ರಕ್ಷೆಯಾಗುತ್ತದೆ. ನನ್ನ ಮಗನ ತೋಳಿಗೆ ಚುಚ್ಚಿದ ಸೂಜಿ ಪಕ್ಕದ ಮನೆಯ ಮಗುವನ್ನು ಕಾಪಾಡುತ್ತದೆ. ದಾಸೋಹವೆಂದರೆ ಅನ್ನ ಬಡಿಸುವುದಷ್ಟೇ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಹೂಡೆಯಿಂದ ಹೊರಡುವ ಮುನ್ನ

ಈಗ ನಾವು ಕುಳಿತಿರುವ ಈ ಊರನ್ನು ನೋಡಿ. ಪಡುವಣಕ್ಕೆ ಕಡಲು, ಮೂಡಣಕ್ಕೆ ಸ್ವರ್ಣಾ ನದಿ. ನಡುವೆ ಮರಳು ನೆಲ, ತೆಂಗಿನ ತೋಟ. ಇಂಥ ನೆಲದಲ್ಲಿ ಕೆಲವೇ ಅಡಿ ತೋಡಿದರೆ ನೀರು. ಮಳೆಗಾಲದಲ್ಲಿ ಬಾವಿಯ ನೀರು ಮೇಲೇರುತ್ತದೆ, ಶೌಚದ ಗುಂಡಿಯೂ ಅದೇ ನೆಲದಲ್ಲಿ ಇರುತ್ತದೆ. ಕೆಸರು ಗದ್ದೆಗೆ ಇಳಿದವರಿಗೆ ಇಲಿ ಜ್ವರದ ಭಯ. ಈ ಊರಿನವರಿಗೆ ತಮ್ಮ ಬಾವಿಯ ಗುಣ ತಲೆಮಾರುಗಳಿಂದ ಗೊತ್ತು. ಆದರೆ ಮಲ್ಪೆಯ ಬಂದರಿಗೆ, ಮಣಿಪಾಲದ ಕಟ್ಟಡಗಳಿಗೆ ದುಡಿಯಲು ಬರುವ ನಮ್ಮ ಉತ್ತರ ಕರ್ನಾಟಕದ ಜನರಿಗೆ ಏನು ಗೊತ್ತು? ಆರು ತಿಂಗಳು ಒಂದು ಶೆಡ್ಡು, ಇನ್ನಾರು ತಿಂಗಳು ಇನ್ನೊಂದು. ಊರಿನ ದಾಖಲೆಯಲ್ಲಿ ‘ದುಡಿಯಲು ಹೋಗಿದ್ದಾರೆ’ ಎಂದಿರುತ್ತದೆ. ಇಲ್ಲಿ ಶೆಡ್ಡಿಗೆ ಮನೆ ನಂಬರೇ ಇರುವುದಿಲ್ಲ. ಎರಡೂ ಕಡೆ ಸೊನ್ನೆ. ಅವರ ಮಗುವಿಗೆ ಲಸಿಕೆ ತಪ್ಪಿದರೆ, ಅವರ ಕೆಮ್ಮು ಮೂರು ತಿಂಗಳು ನಿಲ್ಲದಿದ್ದರೆ ಅದು ಯಾವ ಪುಸ್ತಕಕ್ಕೂ ಬರುವುದಿಲ್ಲ. ಪುಸ್ತಕಕ್ಕೆ ಬಾರದವರಿಗೆ ಔಷಧಿಯೂ ಹೋಗುವುದಿಲ್ಲ.

ಆದ್ದರಿಂದ ಮಠಗಳಲ್ಲಿ, ಬಳಗಗಳಲ್ಲಿ ನನ್ನ ಬಿನ್ನಹ ಇಷ್ಟೇ. ಹೊಸ ಸಂಸಾರವೊಂದು ನಿಮ್ಮ ಕಡೆ ಬಂದರೆ, ಅದು ಯಾವ ಜಾತಿಯದೇ ಆಗಲಿ, ಆಶಾ ಕಾರ್ಯಕರ್ತೆಗೆ ತಿಳಿಸಿ. ಎರಡು ವಾರ ದಾಟಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆಯೂ ಔಷಧಿಯೂ ಉಚಿತ. ಗದ್ದೆಗೆ ಇಳಿದ ಮೇಲೆ ಜ್ವರ ಬಂದರೆ ‘ಗದ್ದೆಗೆ ಇಳಿದಿದ್ದೆ’ ಎಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ. ಸಮೀಕ್ಷೆಗೆ ಬಂದ ಹುಡುಗ ಹುಡುಗಿಯರಿಗೆ ಬಾಗಿಲು ತೆರೆದು ನಿಜವನ್ನೇ ಹೇಳಿ. ಮಗಳ ಮದುವೆಗೆ ಅಡ್ಡಿಯಾದೀತೆಂದು ಕ್ಷಯವನ್ನು ಮುಚ್ಚಿಟ್ಟರೆ ಅದು ಮಗಳಿಗೇ ತಗಲಬಹುದು.

ಸಂಶೋಧಕರಿಗೂ ಒಂದು ಮಾತು. ಜನರ ಮನೆಗೆ ಹೋಗಿ ಲೆಕ್ಕ ಪಡೆದವರು ಉತ್ತರವನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಸುಮ್ಮನಾಗಬಾರದು. ಕನ್ನಡದಲ್ಲಿ, ತುಳುವಿನಲ್ಲಿ ಅದೇ ಊರಿಗೆ ಮರಳಿ ಬಂದು ‘ನಿಮ್ಮ ಬಾವಿ ಹೀಗಿದೆ’ ಎಂದು ಹೇಳಬೇಕು. ರೋಗಿಯ ಹೆಸರನ್ನು ಗುಟ್ಟಾಗಿಡಬೇಕು. ಪಡೆದದ್ದನ್ನು ಮರಳಿಸದ ವಿದ್ಯೆ ಕಾಯಕವಾಗುವುದಿಲ್ಲ.

ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ತಾಯಿ ಅದನ್ನು ಒಪ್ಪಲಿಲ್ಲ, ಹೆಚ್ಚಾದದ್ದನ್ನು ಮರಳಿ ಸುರಿದು ಬರಲು ಹೇಳಿದಳು. ನಮ್ಮ ಪರಂಪರೆಯಲ್ಲಿ ಲೆಕ್ಕವೆಂದರೆ ವ್ಯಾಪಾರದ ಮಾತಲ್ಲ, ಪ್ರಾಮಾಣಿಕತೆಯ ಮಾತು. ಒಂದು ಹಿಡಿ ಹೆಚ್ಚಾದರೂ ತಪ್ಪು ಎಂದ ತಾಯಿಯ ಮಕ್ಕಳು ನಾವು. ಒಂದು ಮನೆ ಕಡಿಮೆಯಾದರೂ ತಪ್ಪು ಎನ್ನಬೇಕಲ್ಲವೆ?

ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ಓದುವ ಮಕ್ಕಳಲ್ಲಿ ಗಣಿತ ಚೆನ್ನಾಗಿ ಬರುವವರು ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಕೆಲವರಾದರೂ ಜನಾರೋಗ್ಯದ ಸಂಖ್ಯಾಶಾಸ್ತ್ರ ಕಲಿಯಲಿ. ಮುಂದೊಂದು ದಿನ ಯಾವುದಾದರೂ ಊರಿನ ಪಟ್ಟಿಯಲ್ಲಿ ಸೊನ್ನೆಗಳ ಸಾಲು ಕಂಡಾಗ, ‘ಇದು ಯಾವ ಬಗೆಯ ಸೊನ್ನೆ?’ ಎಂದು ಕೇಳುವವರು ಅವರಾಗಲಿ.